ಟ್ರೆಡ್‌ಮಿಲ್ ಕೊಳ್ಳಲಾ, ಸೈಕಲ್ ಸಾಕಾ?

ಮಳೆ ಹಿಡಿದುಕೊಂಡರೆ ಈ ಅಂಕಣಕ್ಕೆ ಒಂದೇ ತರದ ಪತ್ರಗಳು ಬರುತ್ತವೆ. ಮಂಗಳೂರಿನ ಕದ್ರಿ ಪಾರ್ಕಿಗೋ ಉಡುಪಿಯ ಅಜ್ಜರಕಾಡಿಗೋ ವಾಕಿಂಗ್ ಹೋಗುವುದು ನಿಂತಿರುತ್ತದೆ, ಮನೆಯಲ್ಲೇ ಏನಾದರೂ ಮಾಡೋಣ ಅಂತ ಮನಸ್ಸಾಗಿರುತ್ತದೆ, ಮೊಬೈಲಿನಲ್ಲಿ ಆಫರ್ ಮೇಲೆ ಆಫರ್ ಕಾಣುತ್ತಿರುತ್ತದೆ. ಈ ಸಲ ಅಂಥ ಐದು ಪ್ರಶ್ನೆಗಳನ್ನು ತೆಗೆದುಕೊಂಡಿದ್ದೇನೆ.

ಪ್ರಶ್ನೆ: ನನಗೆ 34 ವರ್ಷ. ಬಿಜೈಯಲ್ಲಿ ನಾಲ್ಕನೇ ಮಹಡಿಯ ಫ್ಲಾಟ್. ಇಡೀ ದಿನ ಕೂತು ಮಾಡುವ ಕೆಲಸ, ಇದುವರೆಗೆ ವ್ಯಾಯಾಮ ಅಂತ ಮಾಡಿದವಳೇ ಅಲ್ಲ. 30 ಸಾವಿರ ತೆಗೆದಿಟ್ಟಿದ್ದೇನೆ. ಟ್ರೆಡ್‌ಮಿಲ್ ಒಳ್ಳೆಯದಾ, ನಿಂತಲ್ಲೇ ತುಳಿಯುವ ಸೈಕಲ್ ಒಳ್ಳೆಯದಾ?

ಉತ್ತರ: ಆ 30 ಸಾವಿರ ಇನ್ನೂ ಆರು ವಾರ ಹಾಗೇ ಇರಲಿ. ಈಗ ಒಂದು ಮ್ಯಾಟ್, ಒಂದು ಸೆಟ್ ರೆಸಿಸ್ಟೆನ್ಸ್ ಬ್ಯಾಂಡ್ (ಎಳೆದರೆ ಹಿಗ್ಗುವ ರಬ್ಬರ್ ಪಟ್ಟಿ) ತನ್ನಿ. ಎರಡೂ ಸೇರಿ ಒಂದೂವರೆ ಸಾವಿರದೊಳಗೆ ಮುಗಿಯುತ್ತದೆ. ನಿಮಗೆ ಬೇಸರವಾಗಬಹುದು, ಆದರೆ ಕಾರಣ ಉಂಟು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವುದು ಎರಡು ಮಾತು: ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಏದುಸಿರು ಬರುವಂಥ ಚಟುವಟಿಕೆ ಬೇಕು, ಜೊತೆಗೆ ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ಕೆಲಸ ಬೇಕು. ಟ್ರೆಡ್‌ಮಿಲ್ ಆಗಲಿ ಸೈಕಲ್ ಆಗಲಿ ಮೊದಲನೆಯದನ್ನು ಮಾತ್ರ ಕೊಡುತ್ತದೆ. ಎರಡನೆಯದನ್ನು ಎಲ್ಲರೂ ಮರೆಯುತ್ತಾರೆ, ಕೂತು ಕೆಲಸ ಮಾಡುವವರಿಗೆ ಬೇಕಾಗಿರುವುದೇ ಅದು.

ಹೇಗೆ ಶುರು ಮಾಡುವುದು ಅಂದರೆ, ಗಟ್ಟಿ ಕುರ್ಚಿಯ ಮುಂದೆ ನಿಂತು ನಿಧಾನ ಕೂತು ಏಳಿ, ಹತ್ತು ಸಲ. ಗೋಡೆಗೆ ಕೈಕೊಟ್ಟು ದಂಡ ಹೊಡೆದ ಹಾಗೆ ಎದೆ ಹತ್ತಿರ ತಂದು ದೂಡಿ, ಹತ್ತು ಸಲ. ಕಿಟಕಿಯ ಗಟ್ಟಿ ಸರಳಿಗೆ ಬ್ಯಾಂಡ್ ಸುತ್ತಿ, ಎರಡು ತುದಿ ಹಿಡಿದು ಮೊಣಕೈ ಹಿಂದಕ್ಕೆ ಹೋಗುವ ಹಾಗೆ ಎಳೆಯಿರಿ. ಬಾವಿಯಿಂದ ನೀರು ಸೇದುವಾಗ ಬೆನ್ನಿನ ಯಾವ ಜಾಗ ಬಿಗಿಯಾಗುತ್ತಿತ್ತೋ ಇಲ್ಲೂ ಹೆಚ್ಚು ಕಡಿಮೆ ಅದೇ ಜಾಗ ಬಿಗಿಯಾಗಬೇಕು. ಇದನ್ನು ಎರಡು ಮೂರು ಸುತ್ತು ಮಾಡಿದರೆ ಇಪ್ಪತ್ತು ನಿಮಿಷ ಆಗುತ್ತದೆ. ಉಳಿದ ದಿನ ನಿಮ್ಮ ನಾಲ್ಕು ಮಹಡಿಯ ಮೆಟ್ಟಿಲು ಉಂಟಲ್ಲ, ಲಿಫ್ಟ್ ಬಿಟ್ಟು ಅದನ್ನೇ ಹತ್ತಿ. ಮಳೆಗಾಲದಲ್ಲಿ ಮೆಟ್ಟಿಲು ಒದ್ದೆ ಇದ್ದರೆ ಮಾತ್ರ ಬೇಡ.

ಆರು ವಾರದಲ್ಲಿ ವಾರಕ್ಕೆ ನಾಲ್ಕು ದಿನ ತಪ್ಪದೆ ಮಾಡಿದ್ದೀರಾ? ಹಾಗಾದರೆ ದೊಡ್ಡ ಯಂತ್ರ ಕೊಳ್ಳಿ, ಅದು ಮೂಲೆಗೆ ಬೀಳುವುದಿಲ್ಲ. ನಿಮಗೆ ನಡೆಯುವುದು ಇಷ್ಟವಾದರೆ ಟ್ರೆಡ್‌ಮಿಲ್. ಪೆಟ್ಟಿಗೆಯ ಮೇಲೆ ಮೋಟಾರಿನ ಅಶ್ವಶಕ್ತಿ ದೊಡ್ಡದಾಗಿ ಬರೆದಿರುತ್ತದೆ, ಅದು ಹೆಚ್ಚಾಗಿ ಕ್ಷಣಕಾಲ ಸಿಗುವ ಗರಿಷ್ಠ ಲೆಕ್ಕ. ನೀವು ಕೇಳಬೇಕಾದ್ದು ಒಂದೇ ಸಮನೆ ಓಡುವಾಗ ಎಷ್ಟು ಅಂತ. ತೂಕದ ಮಿತಿ ನಿಮ್ಮ ತೂಕಕ್ಕಿಂತ 20 ಕೆಜಿಯಾದರೂ ಜಾಸ್ತಿ ಇರಲಿ. ಅರ್ತಿಂಗ್ ಸರಿ ಇರುವ ಪ್ಲಗ್ ಬೇಕು. ಸಾಮಾನ್ಯ ಮನೆ ಇನ್ವರ್ಟರ್ ಇದನ್ನು ಎಳೆಯುವುದಿಲ್ಲ, ನಮ್ಮಲ್ಲಿ ಗಾಳಿಮಳೆಗೆ ಕರೆಂಟ್ ಹೋಗುವುದು ಹೊಸತೇನೂ ಅಲ್ಲ, ನಡೆಯುತ್ತಿರುವಾಗ ಬೆಲ್ಟ್ ತಟ್ಟನೆ ನಿಂತರೆ ಮುಗ್ಗರಿಸುತ್ತೀರಿ. ಅದಕ್ಕೇ ಮೊದಲ ದಿನಗಳಲ್ಲಿ ವೇಗ ಕಡಿಮೆ ಇರಲಿ, ಹಿಡಿ ಕೈಗೆಟುಕುವಷ್ಟು ಹತ್ತಿರ ಇರಲಿ, ಎಳೆದರೆ ಯಂತ್ರ ನಿಲ್ಲಿಸುವ ಸೇಫ್ಟಿ ಕೀ ಬಟ್ಟೆಗೆ ಸಿಕ್ಕಿಸಿರಲಿ. ಮಕ್ಕಳಿರುವ ಮನೆಯಾದರೆ ಆ ಕೀಯನ್ನು ತೆಗೆದು ಕಪಾಟಿನಲ್ಲಿಡಿ, ಇದೊಂದನ್ನು ದಯವಿಟ್ಟು ಮರೆಯಬೇಡಿ. ಕೆಳಗಿನ ಮನೆಯವರಿಗೆ ದಡದಡ ಕೇಳಿಸುತ್ತದೆ ಅಂತಾದರೆ ಆಯಸ್ಕಾಂತದಿಂದ ಬಿಗಿ ಕೊಡುವ ಮ್ಯಾಗ್ನೆಟಿಕ್ ಸೈಕಲ್ಲೇ ವಾಸಿ, ಅದಕ್ಕೆ ಸದ್ದೂ ಕಡಿಮೆ ಜಾಗವೂ ಕಡಿಮೆ.

ಪ್ರಶ್ನೆ: ಅಂಬಲಪಾಡಿಯಲ್ಲಿ ರೂಮು ಮಾಡಿಕೊಂಡಿರುವ ವಿದ್ಯಾರ್ಥಿ, ವಯಸ್ಸು 20. ಗುರುರಾಜ ಪೂಜಾರಿಯವರ ಹಾಗೆ ಭಾರ ಎತ್ತಬೇಕು ಅಂತ ಆಸೆ. ಎಷ್ಟು ಕೆಜಿಯ ಡಂಬೆಲ್ ತೆಗೆದುಕೊಳ್ಳಲಿ?

ಉತ್ತರ: ಕುಂದಾಪುರ ಕಡೆಯ ಹುಡುಗ 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ತಂದಾಗ, 2022ರಲ್ಲಿ ಮತ್ತೆ ಕಂಚು ತಂದಾಗ ನನಗೂ ಖುಷಿಯಲ್ಲಿ ಕಣ್ಣು ತುಂಬಿತ್ತು. ಆದರೆ ಅವರು ಮಾಡುವುದು ಎರಡು ತುದಿಗೆ ಭಾರ ಸಿಕ್ಕಿಸಿದ ಉದ್ದ ಸರಳನ್ನು, ಅಂದರೆ ಬಾರ್‌ಬೆಲ್ಲನ್ನು ತಲೆಯ ಮೇಲೆತ್ತುವ ವಿದ್ಯೆ. ಅದನ್ನು ಗುರುವಿನ ಕಣ್ಣೆದುರು ಕಲಿಯಬೇಕು, ವಿಡಿಯೊ ನೋಡಿ ರೂಮಿನಲ್ಲಿ ಒಬ್ಬನೇ ಮಾಡಲು ಹೋಗಬೇಡ. ಆಸೆ ನಿಜವಾಗಿದ್ದರೆ ಕೋಚ್ ಇರುವ ಜಾಗ ಹುಡುಕು, ನಿನಗೆ ಇನ್ನೂ ವಯಸ್ಸು ಉಂಟು.

ರೂಮಿಗೆ ಅಂತಾದರೆ ಪರೀಕ್ಷೆ ಸುಲಭ. ಅಂಗಡಿಯಲ್ಲಿ ಒಂದು ಡಂಬೆಲ್ ಹಿಡಿದು ಮೊಣಕೈ ಮಡಚಿ 12 ಸಲ ಎತ್ತು. ಹತ್ತರವರೆಗೆ ಸಲೀಸಾಗಿ ಬಂದು ಕೊನೆಯ ಎರಡಕ್ಕೆ ಕಷ್ಟವಾಗಬೇಕು, ಸೊಂಟ ಮಾತ್ರ ಓಲಾಡಬಾರದು. ಆ ತೂಕ ನಿನ್ನದು. ಕಾಲಿಗೆ ಇದು ಸಾಲದು, ಅದಕ್ಕೆ 10 ಕೆಜಿಯ ಕುಚ್ಚಲಕ್ಕಿ ಚೀಲವನ್ನು ಎದೆಗವಚಿ ಕೂತು ಏಳು. ಬಕೆಟ್ಟಿನಲ್ಲಿ ಎಷ್ಟು ಲೀಟರ್ ನೀರಿದೆಯೋ ಅಷ್ಟು ಕೆಜಿ, ಅದನ್ನು ಹಿಡಿದು ಕಾರಿಡಾರ್ ಉದ್ದಕ್ಕೆ ನಡೆದರೂ ಒಳ್ಳೆಯ ವ್ಯಾಯಾಮ.

ಸಿಮೆಂಟ್ ತುಂಬಿದ ಪ್ಲಾಸ್ಟಿಕ್ ಡಂಬೆಲ್ ಅಗ್ಗ, ಆದರೆ ಬಿದ್ದರೆ ಒಡೆಯುತ್ತದೆ. ಬರೀ ಕಬ್ಬಿಣದ್ದು ನಮ್ಮ ಊರಿಗೆ ಆಗಿಬರುವುದಿಲ್ಲ. ನಾನು ಮೊದಲು ತಂದಿದ್ದು ಪ್ಲೇಟ್ ಬದಲಿಸುವ ಕಬ್ಬಿಣದ ಜೋಡಿ. ಕಿಟಕಿಯ ಕೆಳಗೆ ಇಟ್ಟಿದ್ದೆ, ಒಂದೇ ಮಳೆಗಾಲ. ಶ್ರಾವಣದಲ್ಲಿ ತಿರುಪು ಬಿಚ್ಚಲು ಹೋದರೆ ಕಚ್ಚಿಕೊಂಡಿತ್ತು, ಅಂಗೈ ಇಟ್ಟಿಗೆ ಬಣ್ಣ, ಕಾವಿ ನೆಲದ ಮೇಲೆ ಎರಡು ದುಂಡಗಿನ ಕಂದು ಕಲೆ. ತೆಂಗಿನೆಣ್ಣೆ ಹಾಕಿ ಒಂದು ರಾತ್ರಿ ಬಿಟ್ಟ ಮೇಲೆ ಬಿಚ್ಚಿತು. ಈಗ ರಬ್ಬರ್ ಹೊದಿಕೆಯದ್ದೇ ನನ್ನ ಆಯ್ಕೆ, ಬಳಸಿದ ಮೇಲೆ ಬೆವರು ಒರೆಸಿಡುತ್ತೇನೆ.

ಪ್ರಶ್ನೆ: ಸುರತ್ಕಲ್‌ನಲ್ಲಿರುವ ಅಮ್ಮನಿಗೆ 61 ವರ್ಷ, ಮಂಡಿನೋವು, ಬಿಪಿ ಮಾತ್ರೆ ಇದೆ. ಸೈಕಲ್ ತಂದುಕೊಡಬಹುದಾ?

ಉತ್ತರ: ಮೊದಲು ಅವರ ಡಾಕ್ಟರನ್ನು ಕೇಳಿ, ಈ ಒಂದು ಹೆಜ್ಜೆ ಬಿಡಬೇಡಿ. ಅವರು ಒಪ್ಪಿದರೆ ಬೆನ್ನಿಗೆ ಒರಗು ಇರುವ, ಕಾಲು ಮುಂದಕ್ಕೆ ಚಾಚಿ ತುಳಿಯುವ ರಿಕಂಬೆಂಟ್ ಸೈಕಲ್ ನೋಡಿ. ನೇರ ಸೈಕಲ್ಲಿಗೆ ಸೀರೆ ಎತ್ತಿ ಕಾಲು ದಾಟಿಸಿ ಹತ್ತಬೇಕು, ಇದರಲ್ಲಿ ಕುರ್ಚಿಯಲ್ಲಿ ಕೂತ ಹಾಗೆ ಕೂರಬಹುದು. ಆನ್‌ಲೈನಿನಲ್ಲಿ ತರಿಸಬೇಡಿ, ಅಮ್ಮನನ್ನೇ ಅಂಗಡಿಗೆ ಕರೆದುಕೊಂಡು ಹೋಗಿ ಕೂರಿಸಿ. ಪೆಡಲ್ ಅತಿ ದೂರ ಹೋದಾಗ ಮಂಡಿ ಪೂರ್ತಿ ನೇರವಾಗದೆ ಸ್ವಲ್ಪ ಬಾಗಿಯೇ ಇರಬೇಕು. ಸೀಟು ತೀರಾ ಹತ್ತಿರವಾದರೆ ಮಂಡಿ ಜಾಸ್ತಿ ಮಡಚಿ ನೋವು ಹೆಚ್ಚುತ್ತದೆ, ಸೈಕಲ್ ತಂದು ನೋವು ಜಾಸ್ತಿಯಾಯಿತು ಅನ್ನುವವರಲ್ಲಿ ಎಷ್ಟೋ ಜನ ಎಡವುವುದು ಇಲ್ಲೇ. ಮೊದಲ ವಾರ ಐದು ನಿಮಿಷ, ಪೆಡಲಿನ ಬಿಗಿ ಕಡಿಮೆ. ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು.

ಪ್ರಶ್ನೆ: ಹೊಟ್ಟೆಗೆ ಕಟ್ಟಿಕೊಂಡರೆ ನಡುಗುತ್ತಾ ಬೊಜ್ಜು ಕರಗಿಸುವ ಬೆಲ್ಟ್ ತರಿಸಲಾ? – ಕಾರ್ಕಳ

ಉತ್ತರ: ಬೇಡ ಮಾರಾಯ್ರೆ. ಒಂದು ಜಾಗದ ಬೊಜ್ಜನ್ನು ಮಾತ್ರ ಹೊರಗಿನಿಂದ ನಡುಗಿಸಿ ಕರಗಿಸಲು ಆಗುವುದಿಲ್ಲ. ಬಿಸಿ ಮಾಡುವ ಬೆಲ್ಟಿನಲ್ಲಿ ಹೋಗುವುದು ಬೆವರು, ನೀರು ಕುಡಿದ ಕೂಡಲೇ ತೂಕ ವಾಪಸ್. ಆ ದುಡ್ಡಿಗೆ ಒಳ್ಳೆಯ ಶೂ ಬರುತ್ತದೆ.

ಪ್ರಶ್ನೆ: ಮಣಿಪಾಲದಲ್ಲಿ ಕೋರ್ಸ್ ಮುಗಿಸಿ ಊರಿಗೆ ಹೋಗುವವರೊಬ್ಬರು ಎರಡು ವರ್ಷದ ಟ್ರೆಡ್‌ಮಿಲ್ಲನ್ನು ಅರ್ಧ ಬೆಲೆಗೆ ಕೊಡುತ್ತಾರಂತೆ. ವಾರಕ್ಕೆ ಐದು ದಿನ ನಡೆಯುವ ಅಭ್ಯಾಸ ನನಗೆ ಮೊದಲೇ ಇದೆ. ತೆಗೆದುಕೊಳ್ಳಬಹುದಾ?

ಉತ್ತರ: ಅಭ್ಯಾಸ ಇದೆ ಅಂದಿರಲ್ಲ, ಹಾಗಾದರೆ ತೆಗೆದುಕೊಳ್ಳಬಹುದು, ಆದರೆ ನೋಡಿಯೇ. ಬಾಲ್ಕನಿಯಲ್ಲಿ ಇಟ್ಟಿದ್ದಾ ಅಂತ ಮೊದಲು ಕೇಳಿ, ಹೌದು ಅಂದರೆ ಅಲ್ಲಿಗೇ ಬಿಡಿ. ಟಾರ್ಚ್ ತೆಗೆದುಕೊಂಡು ಹೋಗಿ ನೆಲಕ್ಕೆ ಬಗ್ಗಿ ಅಡಿಭಾಗದ ಬೋಲ್ಟುಗಳನ್ನು ನೋಡಿ. ಮೇಲೆ ಎಷ್ಟು ಮಿರಿಮಿರಿ ಹೊಳೆದರೂ ತುಕ್ಕು ಕೆಳಗಿನಿಂದ ಏರುತ್ತದೆ. ಪ್ಲಗ್ ತೆಗೆಸಿ ಬೆಲ್ಟಿನ ಅಂಚನ್ನು ಸ್ವಲ್ಪ ಎತ್ತಿ ಒಳಗೆ ಬೆರಳಾಡಿಸಿ, ಸಿಲಿಕೋನ್ ಎಣ್ಣೆಯ ಜಾರು ಸಿಗಬೇಕು, ಒಣಗಿದ್ದರೆ ಅವರು ಎಣ್ಣೆ ಹಾಕಿಲ್ಲ, ಮೋಟಾರಿಗೆ ಹೊರೆ ಬಿದ್ದಿದೆ ಅಂತ ಅರ್ಥ. ಆಮೇಲೆ ಹದಿನೈದು ನಿಮಿಷ ನೀವೇ ನಡೆಯಿರಿ, ಎರಡು ನಿಮಿಷ ಸಾಲದು. ಬೆಲ್ಟ್ ಒಂದು ಬದಿಗೆ ಸರಿದರೆ ಹಿಂದಿನ ತಿರುಪು ತಿರುಗಿಸಿ ಸರಿ ಮಾಡಬಹುದು. ಹೆಜ್ಜೆ ಊರಿದಾಗ ಬೆಲ್ಟ್ ತಡವರಿಸಿದರೆ, ಸುಟ್ಟ ವಾಸನೆ ಬಂದರೆ ಬೇಡ. ಸೇಫ್ಟಿ ಕೀ ಎಳೆದು ನಿಲ್ಲುತ್ತದಾ ನೋಡಿ. ಆ ಬ್ರಾಂಡ್ ರಿಪೇರಿ ಮಾಡುವವರು ಉಡುಪಿಯಲ್ಲೋ ಮಂಗಳೂರಿನಲ್ಲೋ ಇದ್ದಾರಾ ಅಂತ ದುಡ್ಡು ಕೊಡುವ ಮೊದಲೇ ಫೋನ್ ಮಾಡಿ ಕೇಳಿ. ಮತ್ತೆ, ಸಾಗಿಸಲು ಒಂದು ಬಿಸಿಲಿನ ದಿನ ನೋಡಿಕೊಳ್ಳಿ. ಟಾರ್ಪಾಲು ಇಲ್ಲದ ಪಿಕಪ್‌ನಲ್ಲಿ ಮಳೆಗೆ ನೆನೆಸಿ ತಂದರೆ ಇಷ್ಟೆಲ್ಲ ನೋಡಿದ್ದು ದಂಡ.