ಜಗಳಗಂಟ ಬ್ಯಾಂಟಮ್ ಹುಂಜಗಳಿಗೆ ಬೇರೆ ಬೇರೆ ಗೂಡು

ಪ್ರಶ್ನೆ: ನಮ್ಮ ತೋಟದ ಮನೆಯಲ್ಲಿ ಒಂದೇ ಕಾವಿನಲ್ಲಿ ಹುಟ್ಟಿ ಒಟ್ಟಿಗೆ ಬೆಳೆದ ಮೂರು ಬ್ಯಾಂಟಮ್ (ಪುಟ್ಟ ಗಾತ್ರದ ಕೋಳಿ) ಹುಂಜಗಳಿವೆ. ಏಳನೆಯ ತಿಂಗಳಿಗೆ ಕಾಲಿಟ್ಟ ಮೇಲೆ ಒಂದನ್ನು ಕಂಡರೆ ಇನ್ನೊಂದಕ್ಕೆ ಆಗುತ್ತಿಲ್ಲ. ನಡುವೆ ಜಾಲರಿ ಕಟ್ಟಿದರೂ ಅದರ ಸಂದಿನಿಂದಲೇ ಕುಕ್ಕಾಡಿ ಜುಟ್ಟಿನಲ್ಲಿ ರಕ್ತ ಬರಿಸಿಕೊಂಡಿವೆ. ಮೂರನ್ನೂ ಉಳಿಸಿಕೊಳ್ಳುವ ಆಸೆಯಿದೆ. ಮಳೆಗಾಲಕ್ಕೂ ತಾಳುವಂತಹ ಸಣ್ಣ ಗೂಡುಗಳನ್ನು ಹೇಗೆ ಕಟ್ಟಬೇಕು? ಮುಂದೆ ಅವುಗಳನ್ನು ಮತ್ತೆ ಒಂದುಗೂಡಿಸಬಹುದೇ?
– ಓದುಗರೊಬ್ಬರು, ನಾಪೋಕ್ಲು, ಕೊಡಗು

ಉತ್ತರ: ಹುಂಜಗಳು ಐದಾರು ತಿಂಗಳಿಗೆ ಪ್ರಾಯಕ್ಕೆ ಬರುತ್ತವೆ, ಆಮೇಲೆ ಒಡಹುಟ್ಟಿನ ಸಲಿಗೆ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಂಟಮ್ ಹುಂಜ ಸಾಮಾನ್ಯವಾಗಿ 1 ಕಿಲೋ ತೂಗದಿದ್ದರೂ ತನಗಿಂತ ದೊಡ್ಡದಾದ ನಾಟಿ ಹುಂಜದ ಮೇಲೂ ಏರಿಹೋಗಲು ಹಿಂಜರಿಯುವುದಿಲ್ಲ. ನಿಮ್ಮ ಏರ್ಪಾಡಿನಲ್ಲಿ ಜಾಲರಿ ಗಟ್ಟಿಯಿಲ್ಲದ್ದು ತೊಡಕಲ್ಲ, ಅದರಾಚೆ ಎಲ್ಲವೂ ಕಾಣುತ್ತಿರುವುದೇ ತೊಡಕು. ಎದುರಾಳಿ ಕಣ್ಣಿಗೆ ಬೀಳುವಷ್ಟು ಹೊತ್ತೂ ಹುಂಜವು ಕತ್ತಿನ ಗರಿ ಕೆದರಿಕೊಂಡು, ಮೇವು ನೀರನ್ನು ಮರೆತು ಬೇಲಿಯುದ್ದಕ್ಕೂ ಓಡಾಡುತ್ತದೆ. ಆದ್ದರಿಂದ ಎರಡು ಗೂಡುಗಳ ನಡುವಿನ ಗೋಡೆ ಕನಿಷ್ಠ ಎರಡೂವರೆ ಅಡಿಯವರೆಗೆ ಸಂದಿಲ್ಲದ ಹಲಗೆಯದ್ದಾಗಿರಲಿ. ಕೂರುವ ಅಡ್ಡಗೋಲಿನ ಮೇಲೆ ನಿಂತು ಕತ್ತು ಚಾಚಿದಾಗಲೂ ಪಕ್ಕದ ಹುಂಜ ಕಾಣಬಾರದು. ಕೂಗು ಕೇಳಿಸಿದರೆ ಅಡ್ಡಿಯಿಲ್ಲ, ಕೂಗಿಗೆ ಕೂಗು ಕೊಟ್ಟು ಅವು ಸುಮ್ಮನಾಗುತ್ತವೆ.

ಒಂದು ಹುಂಜಕ್ಕೆ 4 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಎತ್ತರದ ಗೂಡು ಸಾಕು. ಬ್ಯಾಂಟಮ್‌ಗಳು ಚೆನ್ನಾಗಿ ಹಾರುವುದರಿಂದ ಮೇಲ್ಭಾಗ ಮುಚ್ಚಿರಲೇಬೇಕು. ಒಂದೂಕಾಲು ಇಂಚು ದಪ್ಪದ ಉರುಟಾದ ಅಡ್ಡಗೋಲನ್ನು ನೆಲದಿಂದ ಒಂದಡಿ ಎತ್ತರದಲ್ಲಿ, ಹಿಂಗೋಡೆಯಿಂದಲೂ ಒಂದಡಿ ಬಿಟ್ಟು ಕೂರಿಸಿ. ಗೋಡೆಗೆ ತಾಗಿಸಿ ಇಟ್ಟರೆ ಬಾಲದ ಉದ್ದ ಗರಿಗಳು ದಿನವೂ ಉಜ್ಜಿ ತುದಿಯಲ್ಲಿ ಮುರಿಯುತ್ತವೆ. ಶುಚಿ ಮಾಡಲು ಸುಲಭವೆಂದು ಕೆಲವರು ತಳಕ್ಕೂ ತಂತಿ ಜಾಲರಿ ಹಾಕುವುದುಂಟು. ಅದನ್ನು ನಾನು ಒಪ್ಪುವುದಿಲ್ಲ. ಅಂತಹ ನೆಲದ ಮೇಲೆ ನಿಂತು ನಿಂತು ಪಾದದ ಮೆತ್ತೆ ಬಾತು ಹುಣ್ಣಾಗುತ್ತದೆ. ಅಡಿಕೆ ದಬ್ಬೆಯ ನೆಲದ ಮೇಲೆ ಗೋಣಿ ಹಾಸಿ, ಅದರ ಮೇಲೆ ಮೂರು ಇಂಚು ಭತ್ತದ ಹೊಟ್ಟು ಹರಡಿದರೆ ಆಯಿತು.

ನಿಮ್ಮ ಕಡೆಯ ಮಳೆಗೆ ಬೇರೆಯೇ ಲೆಕ್ಕ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರಚಲು ಬಹುಪಾಲು ನೈಋತ್ಯದಿಂದಲೇ ಹೊಡೆಯುವುದರಿಂದ ಗೂಡಿನ ಬೆನ್ನು ಆ ದಿಕ್ಕಿಗಿರಲಿ, ಜಾಲರಿಯ ಮುಖ ಪೂರ್ವಕ್ಕಿರಲಿ, ಮಾಡು ಮುಂದಕ್ಕೆ ಎರಡು ಅಡಿ ಚಾಚಿರಲಿ. ಮರಗಸಿಯಲ್ಲಿ (ತೋಟದ ನೆರಳು ಮರಗಳನ್ನು ಸವರುವಾಗ) ಕಡಿದ ಸಿಲ್ವರ್ ಓಕ್ ಕೊಂಬೆಗಳು ಕೈಗೆ ಸಿಗುತ್ತವೆಂದು ನೇರವಾಗಿ ಮಣ್ಣಿಗೆ ಹೂಳಬೇಡಿ, ಬೇಗನೆ ಕುಂಬಾಗುತ್ತವೆ. ನಾಲ್ಕು ಕಾಲುಗಳನ್ನೂ ಸಿಮೆಂಟ್ ಇಟ್ಟಿಗೆಯ ಮೇಲೆ ನಿಲ್ಲಿಸಿ ಗೂಡನ್ನು ಒಂದೂವರೆ ಅಡಿ ಮೇಲೆತ್ತಿ. (ಹಾಲುವಾಣದ ಹಸಿ ಗೂಟವಂತೂ ಬೇಡ, ಮೊದಲ ಮಳೆಗೇ ಚಿಗುರೊಡೆಯುತ್ತದೆ.) ಹೊಟ್ಟು ಒದ್ದೆಯಾಗಿ ಹೆಪ್ಪುಗಟ್ಟಿದ ಕೂಡಲೇ ಬದಲಿಸಿ. ಮಳೆಗಾಲದಲ್ಲಿ ಕೋಳಿಗಳಿಗೆ ರಕ್ತಭೇದಿ ತರುವ ಕಾಕ್ಸಿಡಿಯಾ ಜೀವಿ ಬೆಳೆಯುವುದು ಅಂತಹ ತೇವದಲ್ಲೇ.

ಮುಂಭಾಗಕ್ಕೆ ಅರ್ಧ ಇಂಚಿನ ವೆಲ್ಡ್ ಮೆಶ್ (ಬೆಸುಗೆ ಹಾಕಿದ ತಂತಿ ಜಾಲರಿ) ಬಳಸಿ. ಅಗ್ಗದ ಷಟ್ಕೋನದ ಕೋಳಿಬಲೆಯನ್ನು ಕಬ್ಬೆಕ್ಕು ಹರಿಯಬಲ್ಲದು, ಅದರ ಅಗಲ ಕಣ್ಣುಗಳಲ್ಲಿ ಹಾವೂ ನುಸುಳಬಲ್ಲದು.

ಜುಟ್ಟಿನ ಗಾಯವನ್ನು ಪೊವಿಡೋನ್ ಅಯೋಡಿನ್ ದ್ರಾವಣದಿಂದ ತೊಳೆದು, ಒಣಗುವವರೆಗೆ ಆ ಹುಂಜವನ್ನು ಹೇಟೆಗಳಿಂದಲೂ ದೂರವಿಡಿ. ಕೆಂಪು ಕಂಡರೆ ಅವೂ ಕುಕ್ಕುತ್ತವೆ. ಇಷ್ಟು ಚುರುಕಿನ ಹುಂಜಗಳನ್ನು ಕೋಳಿ ಅಂಕಕ್ಕೆ ಕೇಳುವವರು ಬರಬಹುದು. ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಇನ್ನು ಒಂದುಗೂಡಿಸುವ ಮಾತು. ಹೇಟೆಗಳೇ ಇಲ್ಲದ, ಮೂರಕ್ಕೂ ಹೊಸದಾದ ವಿಶಾಲ ಅಂಗಳವಿದ್ದರೆ ಹುಂಜಗಳು ಕೆಲವೊಮ್ಮೆ ಕೂಡಿ ಬಾಳುತ್ತವೆ. ಹೇಟೆಗಳಿರುವ ಮನೆಯಲ್ಲಿ ಆ ಪ್ರಯತ್ನ ಬೇಡ. ಕೆಲವು ದಿನ ಅಗಲಿದ್ದರೂ ಸಾಕು, ಯಾರು ಮೇಲು ಎಂಬುದನ್ನು ಅವು ಮೊದಲಿನಿಂದ ಇತ್ಯರ್ಥ ಮಾಡಿಕೊಳ್ಳತೊಡಗುತ್ತವೆ. ಸರದಿಯಂತೆ ದಿನಕ್ಕೊಂದನ್ನು ತೋಟಕ್ಕೆ ಬಿಡುವುದೇ ಸರಿ. ಮರಿ ಮಾಡಿಸುವುದಾದರೆ ಒಂದು ಹುಂಜದೊಡನೆ ಐದಾರು ಹೇಟೆಗಳನ್ನು ಮಾತ್ರ ಇರಿಸಿ. ಹುಂಜವನ್ನು ಬದಲಿಸಿದ ಮೇಲೆಯೂ ಎರಡು ವಾರದಷ್ಟು ಕಾಲ ಹಳೆಯ ಹುಂಜದ ಸಂತಾನವೇ ಮೊಟ್ಟೆಯಲ್ಲಿ ಮುಂದುವರಿಯಬಹುದಾದ್ದರಿಂದ, ತಂದೆ ಯಾವುದೆಂದು ಖಚಿತವಾಗಿ ತಿಳಿಯಬೇಕಿದ್ದರೆ ಮೂರು ವಾರ ಕಳೆದ ಮೇಲಿನ ಮೊಟ್ಟೆಗಳನ್ನೇ ಕಾವಿಗೆ ಇಡಿ.