ಅಮ್ಮನ ನಂಬರ್ ಇರಲಿ ಬಿಡಿ

ಅಮ್ಮ 2021ರಲ್ಲಿ ಕೋವಿಡ್‌ನಿಂದ ತೀರಿಕೊಂಡರು, ಅಪ್ಪ ಇವತ್ತಿಗೂ ಅವರ ನಂಬರ್‌ಗೆ ರೀಚಾರ್ಜ್ ಮಾಡಿಸ್ತಾರೆ, ನಿಲ್ಲಿಸಿ ಅಂತ ಹೇಳಬೇಕಾ ಎಂದು ಕೇಳಿದ್ದೀರಿ. ದಯವಿಟ್ಟು ಹೇಳಬೇಡಿ.

ಆ ಎರಡು ವರ್ಷ ಎಷ್ಟೋ ಮನೆಯವರು ನೋಡಿದ್ದು ಆಂಬುಲೆನ್ಸ್ ಬಾಗಿಲು ಮುಚ್ಚಿದ್ದನ್ನು ಮಾತ್ರ. ಆಮೇಲೆ ಬಂದದ್ದು ಒಂದು ಫೋನ್ ಕರೆ. ಕೈ ಹಿಡಿದು ಕೂರಲು ಆಗಲಿಲ್ಲ, ಮುಖ ನೋಡಲು ಬಿಡಲಿಲ್ಲ, ಜೊತೆಗೆ ಅಳಲು ನೆಂಟರೂ ಬರಲಿಲ್ಲ. ಹೋದರು ಅನ್ನೋದು ಬುದ್ಧಿಗೆ ಗೊತ್ತು, ಮನಸ್ಸು ಒಪ್ಪಬೇಕಲ್ಲ? ಅದರ ಮೇಲೆ "ಒಂದು ದಿನ ಮೊದಲೇ ಆಸ್ಪತ್ರೆಗೆ ಸೇರಿಸಿದ್ದರೆ", "ನನ್ನಿಂದಲೇ ಅಂಟಿತೇನೋ" ಎಂಬ ಕೊರಗು. ನಿಮ್ಮ ಅಪ್ಪ ಇದನ್ನು ಯಾರ ಹತ್ತಿರವೂ ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ಸುಮ್ನೆ ಪಕ್ಕದಲ್ಲಿ ಕೂತು, ಅಮ್ಮನ ಕೊನೆಯ ದಿನಗಳ ಬಗ್ಗೆ ಒಮ್ಮೆ ಕೇಳಿ ನೋಡಿ. ಸಮಾಧಾನ ಹೇಳಲು ಅವಸರ ಮಾಡಬೇಡಿ.

ಇದು ಕಾಯಿಲೆಯಾ ಅಂತಲೂ ಕೇಳಿದ್ದೀರಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ದೀರ್ಘಕಾಲದ ಶೋಕಕ್ಕೂ ಈಗ ಜಾಗವಿದೆ, ನಿಜ. ಆದರೆ ತೀವ್ರ ದುಃಖ ಕನಿಷ್ಠ 6 ತಿಂಗಳು ಇದ್ದು, ದಿನದ ಬದುಕನ್ನೇ ಕೆಡಿಸಿದಾಗ ಮಾತ್ರ ಹಾಗೆನ್ನುತ್ತಾರೆ. ಅಪ್ಪ ಉಣ್ಣುತ್ತಾರೆ, ನಾಲ್ಕು ಜನರ ಜೊತೆ ಬೆರೆಯುತ್ತಾರೆ ಅಂದರೆ ರೀಚಾರ್ಜ್ ಒಂದಕ್ಕೇ ಹೆದರಬೇಡಿ. ಊಟ, ನಿದ್ದೆ ಬಿಟ್ಟಿದ್ದರೆ, ಬದುಕೇ ಬೇಡ ಎನ್ನುತ್ತಿದ್ದರೆ ಮಾತ್ರ ತಡಮಾಡದೆ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ.

ಇನ್ನೊಂದು ಮಾತು. ಅಮ್ಮನ ಫೋನ್‌ನಲ್ಲಿ ಅವರ ದನಿ ಇರುವ ಮೆಸೇಜ್‌ಗಳಿದ್ದರೆ ಬೇರೆ ಕಡೆಯೂ ಕಾಪಿ ಮಾಡಿಡಿ. ಅಪ್ಪನನ್ನು ಕೇಳಿಯೇ ಮಾಡಿ.