ಉಪ್ಪಳದಿಂದ ಮಂಗಳೂರಿಗೂ ರೈಲಿದೆ

ಅಕ್ಕಾ, ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ ನಮ್ಮ ಮನೆ. ಹತ್ತರವರೆಗೆ ಕನ್ನಡ ಮಾಧ್ಯಮ. ಬಿ.ಕಾಂ. ಮುಗಿದು ವರ್ಷವಾಯಿತು. ಕಾಸರಗೋಡಿನ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ, ಜಿಎಸ್‌ಟಿ ರಿಟರ್ನ್ ಹಾಕುತ್ತೇನೆ. ಕೈಗೆ 11 ಸಾವಿರ. ನೇಮಕ ಪತ್ರವೂ ಇಲ್ಲ, ಪಿಎಫ್ ಕೂಡ ಇಲ್ಲ. ಬೆಂಗಳೂರಿನ ಕಂಪನಿಯೊಂದು 24 ಸಾವಿರಕ್ಕೆ ಕರೆದಿದೆ. ಅಪ್ಪ, ಎಲ್ಲ ಬಿಟ್ಟು ಸರಕಾರಿ ಕೆಲಸಕ್ಕೆ ಕೇರಳ ಪಿಎಸ್‌ಸಿ ಪರೀಕ್ಷೆಗೆ ಓದು ಎನ್ನುತ್ತಾರೆ. ಒಟ್ಟಿಗೆ ಕಲಿತವರೆಲ್ಲ ಬೆಂಗಳೂರಿನಲ್ಲಿದ್ದಾರೆ. ನಾನೇ ದಡ್ಡಿಯೇ?

ತಂಗೀ, ಪ್ರತಿ ತಿಂಗಳು 20ನೇ ತಾರೀಖಿನೊಳಗೆ ತಪ್ಪದೆ ರಿಟರ್ನ್ ಹಾಕುವ ಹುಡುಗಿ ದಡ್ಡಿಯಲ್ಲ. ನಿನ್ನ ಗೆಳತಿಯರಿಗೂ ನಿನಗೂ ಇರುವ ವ್ಯತ್ಯಾಸ ಬುದ್ಧಿಯದ್ದಲ್ಲ, ಊರಿನದ್ದು. 20 ಮಂದಿ ಕೆಲಸಗಾರರಿದ್ದಲ್ಲಿ ಪಿಎಫ್ ಕಡ್ಡಾಯ. ನಮ್ಮ ಜಿಲ್ಲೆಯ ಅಂಗಡಿಗಳಲ್ಲಿ ಐದಾರು ಜನ ಇದ್ದರೆ ಹೆಚ್ಚು. ಮಾಲೀಕರು ಎಷ್ಟೇ ಒಳ್ಳೆಯವರಾದರೂ ಅಲ್ಲಿ ನಿನಗೆ ಮೇಲೇರಲು ಮೆಟ್ಟಿಲೇ ಇಲ್ಲ. ಆ ಕೆಲಸದಲ್ಲೇ ಇನ್ನೆರಡು ವರ್ಷ ಉಳಿಯಬೇಡ.

ಹಾಗೆಂದು ಬೆಂಗಳೂರಿಗೆ ಕಣ್ಣು ಮುಚ್ಚಿ ಬಸ್ಸು ಹತ್ತಬೇಡ. 24 ಸಾವಿರ ಕೈಗೆ ಸಿಗುವುದೋ, ಸಿಟಿಸಿಯೋ (ಕಡಿತಗಳೂ ಸೇರಿ ಕಂಪನಿ ತೋರಿಸುವ ಒಟ್ಟು ಮೊತ್ತವೋ)? ಪತ್ರ ಕಂಪನಿಯದ್ದೋ, ಗುತ್ತಿಗೆದಾರನದ್ದೋ? ರಾತ್ರಿ ಪಾಳಿ ಇದ್ದರೆ ಗಾಡಿ ಕೊಡುತ್ತಾರೋ? ಪಿಜಿ ಬಾಡಿಗೆ ಕಳೆದು ಉಳಿಯುವುದೆಷ್ಟು? ಉತ್ತರ ಬರಹದಲ್ಲಿ ತರಿಸಿಕೋ. ಕೊಡಲು ಹಿಂದೆ ಮುಂದೆ ನೋಡಿದರೆ ಹೋಗಲೇಬೇಡ.

ನೀನು ಮಂಗಳೂರಿನ ಮಾತೇ ಎತ್ತಿಲ್ಲ, ಅದು ನನಗೆ ಆಶ್ಚರ್ಯ. ಉಪ್ಪಳದಿಂದ ರೈಲಿಗೆ ಸೀಸನ್ ಟಿಕೆಟ್ ಮಾಡಿಸಿದರೆ ದಿನಾ ಹೋಗಿ ಬರಬಹುದು. ಅಲ್ಲಿನ ಲೆಕ್ಕಪರಿಶೋಧಕರ ಕಚೇರಿಗಳಲ್ಲಿ, ಆಸ್ಪತ್ರೆಗಳ ಲೆಕ್ಕ ವಿಭಾಗದಲ್ಲಿ ಜಿಎಸ್‌ಟಿ ಗೊತ್ತಿದ್ದವರಿಗೆ ಬೆಲೆ ಇದೆ. ಸಂಬಳ ಬೆಂಗಳೂರಿನಷ್ಟಿಲ್ಲದಿದ್ದರೂ ಬಾಡಿಗೆ ಉಳಿಯುತ್ತದೆ, ಸಂಜೆ ಓದಲು ಮನೆ ಇರುತ್ತದೆ.

ಓದು ಎಂದೆ, ಏಕೆಂದರೆ ಅಪ್ಪ ಹೇಳುವುದರಲ್ಲೂ ಹುರುಳಿದೆ. ಕನ್ನಡ ಕಲಿತ ನಮ್ಮ ಮಕ್ಕಳಿಗೆ ಖಾಸಗಿ ಕೆಲಸ ಗಡಿಯಾಚೆ, ಸರಕಾರಿ ಕೆಲಸ ಗಡಿಯೀಚೆ. ಜಿಲ್ಲೆಯಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಕ್ಲರ್ಕ್ ಹುದ್ದೆಗಳಿವೆ. ಆದರೆ ಕರೆ ಬರುವುದು ವರ್ಷಗಳಿಗೊಮ್ಮೆ. ರ್‍ಯಾಂಕ್ ಪಟ್ಟಿಗೆ ಹೆಚ್ಚೆಂದರೆ 3 ವರ್ಷ ಆಯಸ್ಸು. ಅದನ್ನೇ ನಂಬಿ ಮನೆಯಲ್ಲಿ ಕೂತರೆ ಇಪ್ಪತ್ತರ ಹರೆಯ ಕಾಯುವುದರಲ್ಲೇ ಕಳೆದೀತು. ಕೆಲಸದ ಜೊತೆಗೇ ಓದು. ಮಲಯಾಳ ಬರಹ ತಡವರಿಸುತ್ತಿದ್ದರೆ ಇವತ್ತಿನಿಂದಲೇ ದಿನಾ ಪೇಪರು ಓದು.

ಅಂಗಡಿ ಬಿಡುವ ಮುಂಚೆ ಮಾಲೀಕರಿಂದ ಅನುಭವ ಪತ್ರ ಬರೆಸಿಕೋ. ರಿಟರ್ನ್ ಹಾಕುತ್ತಿದ್ದದ್ದು ನೀನೇ ಎಂಬುದು ಅದರಲ್ಲಿ ಇರಲಿ.